ಜೇಬಿನ ಕಂಪ್ಯೂಟರಿಗೆ ಮನೆಯಲ್ಲಿ ಕಟ್ಟಿದ ಮೆಮೊರಿ

ನಂಜನಗೂಡು ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. 1980ರಲ್ಲಿ ಬಂದ ಶಾರ್ಪ್ ಪಿಸಿ-1211 ಎಂಬ ಪಾಕೆಟ್ ಕಂಪ್ಯೂಟರಿನ ಒಂದು ವೇರಿಯಬಲ್ಲಿನಲ್ಲಿ ಹಿಡಿಸುತ್ತಿದ್ದುದು ಏಳೇ ಅಕ್ಷರ. ಊರಿನ ಬಾಲ ಹೊರಗೇ ಉಳಿಯುತ್ತಿತ್ತು. ತಿರುಮಕೂಡಲು ನರಸೀಪುರ ಎಂದು ಪೂರ್ತಿ ಬರೆಯಲು ಅಂಥ ನಾಲ್ಕು ವೇರಿಯಬಲ್ ಬೇಕು. ಪ್ರೋಗ್ರಾಮಿಗೆಂದು ಇದ್ದದ್ದು ಒಟ್ಟು 1,424 ಬೈಟ್. ಇವತ್ತು ಯೂನಿಕೋಡಿನಲ್ಲಿ ಕನ್ನಡ ಉಳಿಸುವ ಸಾಮಾನ್ಯ ಲೆಕ್ಕ ಹಿಡಿದರೆ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18 ಬೈಟ್ ಆಗುತ್ತದೆ. ಆ ಯಂತ್ರದಲ್ಲಿ ಇಂಥವು 79 ಹಿಡಿಸಿದರೆ ಮುಗಿಯಿತು, ಪ್ರೋಗ್ರಾಮಿಗೆ ಜಾಗವಿಲ್ಲ.

ಇಷ್ಟು ಜಿಪುಣತನ ಏಕೆ? ಮೇಜಿನ ಮೇಲಿನ ಕಂಪ್ಯೂಟರುಗಳು ಆಗಲೇ ಡೈನಾಮಿಕ್ ರ‍್ಯಾಮ್ ಬಳಸುತ್ತಿದ್ದವು. ಅದು ಅಗ್ಗ, ಆದರೆ ಪ್ರತಿ ಬಿಟ್ಟನ್ನೂ ಸೆಕೆಂಡಿಗೆ ನೂರಾರು ಸಲ ಮತ್ತೆ ಬರೆಯುತ್ತಲೇ ಇರಬೇಕು, ಇಲ್ಲವಾದರೆ ಮರೆತುಬಿಡುತ್ತದೆ. ಜೇಬಿನ ಯಂತ್ರ ಗುಂಡಿ ಸೆಲ್ಲಿನ ಮೇಲೆ ತಿಂಗಳುಗಟ್ಟಲೆ ಬದುಕಬೇಕು, ಆಫ್ ಮಾಡಿದರೂ ಪ್ರೋಗ್ರಾಂ ಉಳಿಯಬೇಕು. ಅದಕ್ಕೆ ಸಿಮಾಸ್ ತಂತ್ರದ ಸ್ಟ್ಯಾಟಿಕ್ ರ‍್ಯಾಮೇ ಗತಿ. ಒಂದು ಬಿಟ್ಟಿಗೆ ಆರು ಟ್ರಾನ್ಸಿಸ್ಟರ್ ಬೇಡುವ ಈ ಚಿಪ್ಪುಗಳು ಆಗ ದುಬಾರಿಯಾಗಿದ್ದವು. ಕಂಪನಿಗಳು ಯಂತ್ರವನ್ನು ಚಿಕ್ಕ ಮೆಮೊರಿಯೊಂದಿಗೆ ಮಾರಿ, ಹೆಚ್ಚಿನದನ್ನು ಬಿಡಿಯಾಗಿ ಮಾರುವ ದಾರಿ ಹಿಡಿದವು. ಮನೆಯಲ್ಲಿ ಮೆಮೊರಿ ಕಟ್ಟುವ ಹವ್ಯಾಸ ಹುಟ್ಟಿದ್ದು ಈ ಬಿಡಿ ಮಾರಾಟದ ಬೆಲೆಪಟ್ಟಿ ನೋಡಿಯೇ.

ಮೊದಲ ದೊಡ್ಡ ಅಖಾಡ ಎಚ್‌ಪಿ-41ಸಿ. 1979ರಲ್ಲಿ ಬಂದ ಇದನ್ನು ಕ್ಯಾಲ್ಕುಲೇಟರ್ ಎಂದು ಕರೆದರೂ ಮನಸ್ಸಿನಲ್ಲಿ ಅದು ಕಂಪ್ಯೂಟರೇ. 1981ರಲ್ಲಿ ಮೊದಲ ಬಾಹ್ಯಾಕಾಶ ಷಟಲ್ ಯಾನದಲ್ಲೂ ಹೋಗಿಬಂದಿತು. ಒಳಗೆ ಇದ್ದದ್ದು 63 ರಿಜಿಸ್ಟರ್, ಅಂದರೆ 441 ಬೈಟ್. ತಲೆಯ ಕಡೆ ನಾಲ್ಕು ಕಿಂಡಿ. ಒಂದೊಂದರಲ್ಲೂ 64 ರಿಜಿಸ್ಟರಿನ ಒಂದು ಮೆಮೊರಿ ಮಾಡ್ಯೂಲ್ ಸಿಕ್ಕಿಸಬಹುದು. ನಾಲ್ಕೂ ತುಂಬಿದರೆ 319. ಆದರೆ ನಾಲ್ಕೂ ತುಂಬಿದ ಮೇಲೆ ಪ್ರಿಂಟರನ್ನು, ಕಾರ್ಡ್ ರೀಡರನ್ನು ಸಿಕ್ಕಿಸುವುದು ಎಲ್ಲಿಗೆ? ಹೀಗಾಗಿ ಬಳಕೆದಾರರು ಮಾಡ್ಯೂಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ, ಒಳಗಿನ ಚಿಪ್ಪನ್ನು ಯಂತ್ರದ ಹೊಟ್ಟೆಯೊಳಗೇ ಬೆಸುಗೆ ಹಾಕಿ, ಕಿಂಡಿಗಳನ್ನು ಖಾಲಿ ಉಳಿಸಿಕೊಂಡರು. ನಾಲ್ಕು ಮಾಡ್ಯೂಲಿನ ಮೆಮೊರಿಯನ್ನು ಒಂದರಲ್ಲೇ ತುಂಬಿದ ‘ಕ್ವಾಡ್’ ಮಾಡ್ಯೂಲ್, ಆಮೇಲೆ ಎಲ್ಲವನ್ನೂ ಒಳಗೇ ಇಟ್ಟ 41ಸಿವಿ ಕಂಪನಿಯಿಂದಲೇ ಬಂದವು. 1974ರಲ್ಲಿ ಎಚ್‌ಪಿ-65 ಬಳಕೆದಾರರ ಸಂಘವಾಗಿ ಶುರುವಾಗಿ ಮುಂದೆ ಪಿಪಿಸಿ ಎಂದು ಹೆಸರಾದ ಅಮೆರಿಕದ ಕೂಟ ಇಂಥ ಕಸುಬುಗಳ ಪಾಠಶಾಲೆಯಾಗಿತ್ತು. ಕ್ಯಾಸಿಯೊ ಮಂದಿಗೆ ಇಷ್ಟು ಅವಕಾಶ ಇರಲಿಲ್ಲ: 1982ರ ಪಿಬಿ-100ಕ್ಕೆ ಓಆರ್-1 ಎಂಬ ಒಂದು ಕಿಲೊಬೈಟಿನ ತುಣುಕು ಸೇರಿಸಿದರೆ 544 ಹೆಜ್ಜೆಯ ಜಾಗ 1,568ಕ್ಕೆ ಏರುತ್ತಿತ್ತು, ಅಷ್ಟೆ.

ನಿಜವಾದ ವಿನ್ಯಾಸದ ಕೆಲಸ ಶುರುವಾದದ್ದು ಶಾರ್ಪ್ ಪಿಸಿ-1500ರಿಂದ ಎಂಬುದು ನನ್ನ ಅಭಿಪ್ರಾಯ. ಜಪಾನಿನಲ್ಲಿ ‘ಪೊಕೆಕಾನ್’ ಎಂಬ ಮುದ್ದಿನ ಹೆಸರಿನ ಈ ಕುಲದಲ್ಲಿ ಇದು ಹಿರಿಯಣ್ಣ. ಎಂಟು ಬಿಟ್ಟಿನ ಎಲ್‌ಎಚ್5801 ಪ್ರೊಸೆಸರ್, ನಾಲ್ಕು ಪೆನ್ಸಿಲ್ ಸೆಲ್, ಪ್ರೋಗ್ರಾಮಿಗೆ 1,850 ಬೈಟ್, ಬೆನ್ನಲ್ಲಿ ಮೆಮೊರಿ ಮಾಡ್ಯೂಲಿಗೆಂದು 40 ಪಿನ್ನಿನ ಗೂಡು. ಕಂಪನಿ ಮಾರಿದ್ದು ಸಿಇ-151 ಹೆಸರಿನ 4 ಕೆಬಿ, ಸಿಇ-155 ಹೆಸರಿನ 8 ಕೆಬಿ. ಆಮೇಲೆ ಒಳಗೇ ಬ್ಯಾಟರಿ ಇದ್ದ 8 ಕೆಬಿಯ ಸಿಇ-159, 16 ಕೆಬಿಯ ಸಿಇ-161. ಮಾಡ್ಯೂಲಿನ ಗೂಡಿಗೆ ಪ್ರೊಸೆಸರಿನ ವಿಳಾಸದ ಮತ್ತು ಡೇಟಾದ ತಂತಿಗಳು ನೇರವಾಗಿ ಬರುತ್ತಿದ್ದುದೇ ಹವ್ಯಾಸಿಗೆ ಬೇಕಾಗಿದ್ದ ಬಾಗಿಲು.

ಇಲ್ಲಿ ಸ್ವಲ್ಪ ನಿಂತು ಒಳಗಿನ ಲೆಕ್ಕ ನೋಡಬೇಕು. 8 ಕೆಬಿಗೆ 6264 ಎಂಬ ಒಂದೇ ಚಿಪ್ ಸಾಕು. 28 ಕಾಲು, 13 ವಿಳಾಸದ ತಂತಿ. ತಂದು ಅಂಟಿಸಿದರೆ ಮುಗಿಯಿತು ಎಂದುಕೊಂಡರೆ ಇಲ್ಲ. ಯಂತ್ರದ ಸ್ವಂತ ಪ್ರೋಗ್ರಾಂ ಮೆಮೊರಿ ಹೆಕ್ಸ್ ಲೆಕ್ಕದಲ್ಲಿ 4000ರಿಂದ 47ಎಫ್‌ಎಫ್‌ವರೆಗೆ, ಅಂದರೆ 2 ಕೆಬಿ, ನಟ್ಟನಡುವೆ ಕೂತಿದೆ. ಬೇಸಿಕ್ ಭಾಷೆಗೆ ಮೆಮೊರಿ ತುಂಡಾಗದೆ ಒಂದೇ ಸಾಲಾಗಿ ಬೇಕು. ಹಾಗಾಗಿ 8 ಕೆಬಿಯನ್ನು ಒಡೆದು, 2 ಕೆಬಿಯನ್ನು 4000ಕ್ಕೆ ಹಿಂದೆ, 3800ರಿಂದಲೂ 6 ಕೆಬಿಯನ್ನು 4800ರಿಂದ ಮುಂದಕ್ಕೂ ಇಡಬೇಕು. ಸಿಇ-155 ಮಾಡುವುದೂ ಇದನ್ನೇ. ತಾಪತ್ರಯ ಏನೆಂದರೆ, ಕೆಳಗಿನ 13 ತಂತಿಗಳನ್ನಷ್ಟೇ ನೋಡುವ ಚಿಪ್ಪಿಗೆ 3800 ಮತ್ತು 5800 ಎರಡೂ ಒಂದೇ ವಿಳಾಸ. ಒಂದು ಕಡೆ ಬರೆದದ್ದು ಇನ್ನೊಂದನ್ನು ಅಳಿಸಿಹಾಕುತ್ತದೆ. ಪರಿಹಾರ ಸೊಗಸಾಗಿದೆ: 3800ರ ತುಂಡಿನಲ್ಲಿ 14ನೇ ವಿಳಾಸತಂತಿ ಸೊನ್ನೆ, 4800ರ ತುಂಡಿನಲ್ಲಿ ಒಂದು. ಆ ತಂತಿಯನ್ನು 11 ಮತ್ತು 12ನೇ ತಂತಿಗಳೊಂದಿಗೆ ಎರಡು ‘ಆ್ಯಂಡ್’ ಗೇಟಿನಲ್ಲಿ ಸೇರಿಸಿ ಚಿಪ್ಪಿಗೆ ಕೊಟ್ಟರೆ, ಮೊದಲ ತುಂಡು ಚಿಪ್ಪಿನ ಖಾಲಿ ಬಿದ್ದಿದ್ದ ಮೊದಲ ಮೂಲೆಗೆ ತಾನಾಗಿ ಸರಿಯುತ್ತದೆ. ಇನ್ನು ಆ ಎರಡು ತುಂಡಿನ ವಿಳಾಸ ಬಂದಾಗ ಮಾತ್ರ ಚಿಪ್ಪನ್ನು ಎಬ್ಬಿಸುವ ಡೀಕೋಡರ್ ಕೂಡಿಸಿದರಾಯಿತು. ಮೆಮೊರಿ ವಿಸ್ತರಣೆ ಎಂದರೆ ಚಿಪ್ ಸೇರಿಸುವುದಲ್ಲ, ವಿಳಾಸ ಹಂಚುವುದು ಎಂಬುದು ಇಂಥ ಕಡೆ ಮನದಟ್ಟಾಗುತ್ತದೆ.

ಎರಡನೆಯ ಪಾಠ ಬ್ಯಾಟರಿಯದು. ಇದರಲ್ಲಿ ಸೋತವರೇ ಹೆಚ್ಚು. ಯಂತ್ರದಿಂದ ಕಳಚಿದ ಮೇಲೂ ಮಾಡ್ಯೂಲ್ ನೆನಪಿಟ್ಟುಕೊಳ್ಳಬೇಕಾದರೆ ಒಂದು ಲಿಥಿಯಂ ಗುಂಡಿ ಸೆಲ್ ಬೇಕು. ಸಾಮಾನ್ಯ ಸಿಆರ್2032 ಸೆಲ್ಲಿನ ಶಕ್ತಿ ಸುಮಾರು 220 ಮಿಲಿಆಂಪ್-ಗಂಟೆ. ಚಿಪ್ ನಿದ್ದೆಯಲ್ಲಿ ಒಂದು ಮೈಕ್ರೋಆಂಪ್ ಕುಡಿದರೆ ಲೆಕ್ಕಕ್ಕೆ 25 ವರ್ಷ. ಸೆಲ್ ಅದಕ್ಕಿಂತ ಮೊದಲೇ ತಾನಾಗಿ ಸವೆಯುತ್ತದೆ. ನೂರು ಮೈಕ್ರೋಆಂಪ್ ಕುಡಿದರೆ ಮೂರು ತಿಂಗಳು. 486 ಕಾಲದ ಗುಜರಿ ಮದರ್‌ಬೋರ್ಡುಗಳಲ್ಲಿ ಕ್ಯಾಷ್ ಮೆಮೊರಿಯೆಂದು 32 ಕೆಬಿಯ ಸ್ಟ್ಯಾಟಿಕ್ ರ‍್ಯಾಮ್ ಚಿಪ್ಪುಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. 28 ಕಾಲು, ಐದು ವೋಲ್ಟ್, ಎಲ್ಲ ಸರಿ. ಕೂರಿಸಿದರೆ ಕೆಲಸವೂ ಮಾಡುತ್ತವೆ. ಆದರೆ ವೇಗಕ್ಕಾಗಿ ಹುಟ್ಟಿದ ಆ ಜಾತಿ ನಿದ್ದೆಯಲ್ಲೂ ಮಿಲಿಆಂಪ್ ಲೆಕ್ಕದಲ್ಲಿ ಕುಡಿಯುತ್ತದೆ. ಎರಡು ಮಿಲಿಆಂಪ್ ಎಂದಿಟ್ಟುಕೊಂಡರೂ ಸೆಲ್ ಐದು ದಿನ ಬಾರದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಪ್ ಆರಿಸುವವರು ಗಾತ್ರಕ್ಕಿಂತ ಮೊದಲು ಅದರ ಮೈಮೇಲಿನ, ಕಡಿಮೆ ವಿದ್ಯುತ್ ಸೂಚಿಸುವ ‘ಎಲ್’, ‘ಎಲ್‌ಎಲ್’ ಗುರುತನ್ನು ಹುಡುಕಬೇಕಾದದ್ದು ಈ ಕಾರಣಕ್ಕೆ. ಜೊತೆಗೆ, ವಿದ್ಯುತ್ ಹೋಗುವ ಗಳಿಗೆಯಲ್ಲಿ ಪ್ರೊಸೆಸರ್ ಬಾಯಿಗೆ ಬಂದದ್ದು ಒದರುತ್ತದೆ. ಆಗ ಚಿಪ್ಪಿನ ಆಯ್ಕೆಯ ಕಾಲನ್ನು ಒಂದು ರೆಸಿಸ್ಟರಿನಿಂದ ಮೇಲಕ್ಕೆ ಕಟ್ಟಿಹಾಕದಿದ್ದರೆ ಒಂದೆರಡು ಬೈಟ್ ಕೆಡಬಹುದು. ಚಿಲ್ಲರೆ ಬೆಲೆಯ ಆ ರೆಸಿಸ್ಟರ್ ಬಿಟ್ಟವರು ತಮ್ಮ ಪ್ರೋಗ್ರಾಮಿನಲ್ಲಿ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಮುಂದಿನ ಹತ್ತು ವರ್ಷ ಚಿಪ್ ಬೆಳೆದಂತೆ ಕೆಲಸ ಸುಲಭವಾಯಿತು. 32 ಕೆಬಿಯ 62256 ಬಂದ ಮೇಲೆ ಒಂದೇ ಚಿಪ್ ಇಡೀ ವಿಳಾಸ ಜಾಗದ ಅರ್ಧವನ್ನು ತುಂಬಿತು. ಆಮೇಲೆ ಕೊರತೆ ಮೆಮೊರಿಯದಲ್ಲ, ವಿಳಾಸದ್ದು. 16 ತಂತಿಗೆ 64 ಕೆಬಿಗಿಂತ ಆಚೆ ಕಾಣುವುದಿಲ್ಲ. ಅದಕ್ಕೆ ಒಂದು ಲ್ಯಾಚ್ ಚಿಪ್ಪಿಟ್ಟು ಪುಟ ತಿರುವಿದಂತೆ ಬೇರೆ ಬೇರೆ ಬ್ಯಾಂಕ್ ತೋರಿಸುವ ಉಪಾಯ ಬಂತು. ಶಾರ್ಪ್, ಕ್ಯಾಸಿಯೊಗಳು ತೆಳ್ಳನೆಯ ರ‍್ಯಾಮ್ ಕಾರ್ಡಿಗೆ ಹೊರಳಿದ್ದರಿಂದ ಮನೆಯಲ್ಲಿ ಅದರ ಅಳತೆಗೆ ಕಟ್ಟುವುದು ಕಷ್ಟವಾಯಿತು. 1993ರ ಎಚ್‌ಪಿ 48ಜಿಗಂತೂ ಕಾರ್ಡಿನ ಕಿಂಡಿಯೇ ಇಲ್ಲ, 32 ಕೆಬಿ ಅಷ್ಟೆ. ಧೈರ್ಯವಿದ್ದವರು ಅಂಟಿಸಿದ ಮೈ ಸೀಳಿ ಒಳಗಿನ ಚಿಪ್ಪನ್ನು 128 ಕೆಬಿಯದಕ್ಕೆ ಬದಲಿಸಿದರು.

ಈ ಕತೆಯಲ್ಲಿ ನಂಜನಗೂಡಿನ ಪಾಲು ಬೋರ್ಡಿನದು. ಮೊದಮೊದಲು ಹವ್ಯಾಸಿಗಳು ತೂತಿನ ಬೋರ್ಡಿನ ಮೇಲೆ ಕೂದಲೆಳೆಯ ತಂತಿ ಎಳೆಯುತ್ತಿದ್ದರು. ಇಲ್ಲವೆ ತಾಮ್ರದ ಹಾಳೆಯ ಮೇಲೆ ಬಣ್ಣದಲ್ಲಿ ಗೆರೆ ಬರೆದು, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ, ಬಚ್ಚಲಿಗೆ ಕಂದು ಕಲೆ ಮಾಡಿ ಬೈಸಿಕೊಳ್ಳುತ್ತಿದ್ದರು. ಅದೇ ಕೆಲಸವನ್ನು ಕಾರ್ಖಾನೆಯ ಪ್ರಮಾಣದಲ್ಲಿ ಮಾಡುವ ಘಟಕ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದೆ. ಇಂಡಾಲ್ ಎಲೆಕ್ಟ್ರಾನಿಕ್ಸ್ ಆಗಿದ್ದ ಅದನ್ನು 1999ರಲ್ಲಿ ಆಸ್ಟ್ರಿಯದ ಎಟಿ ಆ್ಯಂಡ್ ಎಸ್ ಕಂಪನಿ ಕೊಂಡಿತು. ವಾಹನಗಳಿಗೆ, ಕೈಗಾರಿಕೆಗೆ ಬೇಕಾದ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳು ಇಲ್ಲಿ ತಯಾರಾಗುತ್ತವೆ. ರಸಬಾಳೆ, ಹಲ್ಲುಪುಡಿ ಎಂದು ಹೆಸರಾದ ಊರು ಬೋರ್ಡಿನದೂ ಹೌದು ಎಂಬುದು ಮೈಸೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಥ ಕಾರ್ಖಾನೆ ಐದು ಬೋರ್ಡ್ ಬೇಡುವ ಹವ್ಯಾಸಿಗಾಗಿ ಯಂತ್ರ ತಿರುಗಿಸುವುದಿಲ್ಲ, ನಿಜ. ಆದರೆ ಚಿಲ್ಲರೆ ಆರ್ಡರ್ ಹಿಡಿಯುವ ಬೋರ್ಡ್ ಕಂಪನಿಗಳು ಬಂದ ಮೇಲೆ ಹವ್ಯಾಸದ ಮುಖವೇ ಬದಲಾಯಿತು. ಕಂಪ್ಯೂಟರಿನಲ್ಲಿ ಬರೆದ ನಕ್ಷೆ ಕಳಿಸಿದರೆ ಹಸಿರು ಬೋರ್ಡ್ ಮನೆ ಬಾಗಿಲಿಗೆ ಬರುತ್ತದೆ. ಒಬ್ಬನ ವಿನ್ಯಾಸವನ್ನು ಇನ್ನೊಬ್ಬ ತಂತಿ ಎಣಿಸದೆ ಕಟ್ಟಬಲ್ಲ.

ಇತ್ತೀಚಿನ ವಿನ್ಯಾಸಗಳಲ್ಲಿ ಎರಡು ಪಂಥ. ಒಂದು, ಬ್ಯಾಟರಿಯೇ ಬೇಡದ ಫೆರೊಎಲೆಕ್ಟ್ರಿಕ್ ರ‍್ಯಾಮ್. 62256ರ ಕಾಲಿಗೆ ಕಾಲು ಹೊಂದುವ ಚಿಪ್ಪುಗಳೂ ಇವೆ. ಆದರೆ ಅವು ಆಯ್ಕೆಯ ಕಾಲು ಕೆಳಗಿಳಿಯುವ ಕ್ಷಣದಲ್ಲಿ ಮಾತ್ರ ವಿಳಾಸ ಓದುತ್ತವೆ. ಆ ಕಾಲನ್ನು ಸದಾ ಕೆಳಗೇ ಹಿಡಿದು ವಿಳಾಸ ಬದಲಿಸುವ ಹಳೆಯ ಯಂತ್ರದಲ್ಲಿ ಮೊದಲ ಬೈಟ್ ಬಿಟ್ಟು ಮಿಕ್ಕದ್ದೆಲ್ಲ ತಪ್ಪಾಗುತ್ತದೆ. ಇನ್ನೊಂದು, ಮೈಕ್ರೋಕಂಟ್ರೋಲರ್ ಅಥವಾ ಪ್ರೋಗ್ರಾಂ ಮಾಡಬಹುದಾದ ಲಾಜಿಕ್ ಚಿಪ್ ಇಟ್ಟು ಮೆಮೊರಿಯಂತೆ ನಟಿಸುವುದು. ಎಚ್‌ಪಿ-41ಕ್ಕೆ ಬಂದ ಕ್ಲೋನಿಕ್ಸ್ ಮಾಡ್ಯೂಲು, ಇಡೀ ಒಳಬೋರ್ಡನ್ನೇ ಬದಲಿಸುವ 41ಸಿಎಲ್ ಈ ಪಂಥದವು. ಜಾಣತನದ ಕೆಲಸ, ಒಪ್ಪೋಣ. ಆದರೂ ಪಿಸಿ-1500ರಂಥ 1.3 ಮೆಗಾಹರ್ಟ್ಸ್ ಯಂತ್ರದ ಬೆನ್ನಿಗೆ ಅದಕ್ಕಿಂತ ನೂರು ಪಟ್ಟು ವೇಗದ ಕಂಪ್ಯೂಟರನ್ನು ಕಟ್ಟಿ ‘ಮೆಮೊರಿ’ ಎನ್ನುವುದರಲ್ಲಿ ನನಗೆ ಒಂದು ರ‍್ಯಾಮ್, ಎರಡು ಗೇಟಿನ ಆನಂದವಿಲ್ಲ.

ಕರ್ನಾಟಕದಲ್ಲೇ ಹುಟ್ಟಿದ ಜೇಬಿನ ಕಂಪ್ಯೂಟರನ್ನು ಬಿಟ್ಟು ಈ ಸಮೀಕ್ಷೆ ಮುಗಿಯದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರು ಬೆಂಗಳೂರಿನ ಎನ್ಕೋರ್ ಕಂಪನಿಯವರೊಂದಿಗೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2004ರ ಮಾರ್ಚಿನಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಮಾರಾಟಕ್ಕೆ ಬಂತು. ರಾಜ್ಯ ಸರ್ಕಾರ ಅದನ್ನು ಭೂ ದಾಖಲೆ ಸಂಗ್ರಹಕ್ಕೂ ಬಳಸಿತು. ಮೆಮೊರಿ ವಿಸ್ತರಣೆಯ ಪ್ರಶ್ನೆಗೆ ಸಿಂಪ್ಯೂಟರ್ ಕೊಟ್ಟ ಉತ್ತರ ಬೇರೆಯೇ ಬಗೆಯದು: ಹಳ್ಳಿಗೆ ಒಂದು ಯಂತ್ರ, ಮನುಷ್ಯನಿಗೊಂದು ಸ್ಮಾರ್ಟ್ ಕಾರ್ಡ್. ನಿಮ್ಮ ವಿವರ ನಿಮ್ಮ ಕಾರ್ಡಿನಲ್ಲಿ. ಯಂತ್ರ ಯಾರದಾದರೂ ಆಗಲಿ. ವಿನ್ಯಾಸವನ್ನೂ ಮುಕ್ತ ಪರವಾನಗಿಯಲ್ಲಿ ಕೊಡುವ ಏರ್ಪಾಟಿತ್ತು. ಆದರೆ ಅದು ಮಾರಾಟವಾದದ್ದು ಕೆಲವೇ ಸಾವಿರ. ಮೇಲಾಗಿ ಪ್ರೊಸೆಸರಿನ ಬೆಸುಗೆ ಗುಂಡುಗಳೆಲ್ಲ ಚಿಪ್ಪಿನ ಹೊಟ್ಟೆಯಡಿ. ಮನೆಯ ಸೋಲ್ಡರಿಂಗ್ ಕಡ್ಡಿ ಅಲ್ಲಿಗೆ ತಲುಪುವುದಿಲ್ಲ. ಗುಟ್ಟಿನ ಕಂಪನಿಯ ಪಿಸಿ-1500ಕ್ಕೆ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಸರ್ಕ್ಯೂಟ್ ನಕ್ಷೆ ಅಚ್ಚಾಗಿದ್ದದ್ದರಿಂದ ಇಂದಿಗೂ ಹೊಸ ಮಾಡ್ಯೂಲ್ ಹುಟ್ಟುತ್ತಿದೆ. ಮುಕ್ತವೆಂದು ಘೋಷಿಸಿದ ಸಿಂಪ್ಯೂಟರಿಗೆ ಅಂಥ ಹವ್ಯಾಸಿ ಸಂತಾನ ಬೆಳೆಯಲಿಲ್ಲ. ಪರವಾನಗಿಗಿಂತ ನಕ್ಷೆ, ನಕ್ಷೆಗಿಂತ ಕೈಗೆಟುಕುವ ಕಾಲುಗಳು ಮುಖ್ಯ ಎಂದು ನಾನು ತಿಳಿಯುವುದು ಇದರಿಂದ.

ಪಾಕೆಟ್ ಕಂಪ್ಯೂಟರ್ ಸತ್ತಿಲ್ಲ, ನೌಕರಿಗೆ ಸೇರಿದೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯ ಟಿಕೆಟ್ ಯಂತ್ರ, ತಿಂಗಳಿಗೊಮ್ಮೆ ಮನೆ ಮುಂದೆ ಕರೆಂಟ್ ಬಿಲ್ ಹರಿದುಕೊಡುವ ಯಂತ್ರ ಅದೇ ವಂಶದವು: ಚಿಕ್ಕ ಪರದೆ, ಗುಂಡಿಗಳು, ಪ್ರಿಂಟರ್, ಸಂಜೆವರೆಗೂ ಲೆಕ್ಕ ಮರೆಯದ ಮೆಮೊರಿ.

ನಿಮ್ಮ ಮನೆಯ ಅಟ್ಟದಲ್ಲಿ ಶಾರ್ಪೋ ಕ್ಯಾಸಿಯೊವೋ ಇದ್ದರೆ ಮೊದಲು ಅದರ ಸೆಲ್ ತೆಗೆಯಿರಿ; ಸೋರಿದ ಸೆಲ್ಲಿನಷ್ಟು ಇಂಥ ಯಂತ್ರಗಳನ್ನು ಕೊಂದದ್ದು ಬೇರೆ ಇಲ್ಲ. ಒಳಗೆ ಬ್ಯಾಟರಿ ಇರುವ ಮಾಡ್ಯೂಲಿದ್ದು, ಅದರಲ್ಲಿ ಯಾರೋ ಬರೆದಿಟ್ಟ ಪ್ರೋಗ್ರಾಂ ಇನ್ನೂ ಉಳಿದಿದ್ದರೆ, ಆ ಗುಂಡಿ ಸೆಲ್ ಬದಲಿಸುವ ಮುನ್ನ ಪ್ರೋಗ್ರಾಮನ್ನು ಕಾಗದಕ್ಕಾದರೂ ಇಳಿಸಿಕೊಳ್ಳಿ. ಆಮೇಲೆ ಸೋಲ್ಡರಿಂಗ್ ಬಲ್ಲ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಯಂತ್ರವನ್ನು ಅವರ ಕೈಗೆ ಕೊಡಿ, ಗುಜರಿಗೆ ಬೇಡ.