ತಂತಿಯ ರೋಧ, ಬೆಂಗಳೂರಿನ ವಾದ

ನಾಸಿಕ ಜಿಲ್ಲೆಯ ನಿಫಾಡ್ ಚಳಿಗೆ ಹೆಸರಾದ ಊರು. ಮಾಗಿಯ ಬೆಳಗಿನ ಜಾವ ಅಲ್ಲಿ ತಾಮ್ರದ ತಂತಿಯ ವಿದ್ಯುತ್ ರೋಧವೂ ಇಳಿದಿರುತ್ತದೆ, ಡಿಗ್ರಿಗೆ ಸುಮಾರು ಶೇ. 0.4ರಂತೆ. ಎಲೆಕ್ಟ್ರಾನುಗಳ ಓಟಕ್ಕೆ ಅಡ್ಡ ಬರುವುದು ಪರಮಾಣುಗಳ ಕಂಪನ. ಚಳಿಯಲ್ಲಿ ಅದು ತಗ್ಗುತ್ತದೆ. ಒಂದೊಂದು ಬಗೆಯ ಕಂಪನದ ಅಡ್ಡಿಯನ್ನೂ ಎಣಿಸಿ ಕೂಡಿಸಿದರೆ ರೋಧ ಸಿಗುತ್ತದೆ. ಶುದ್ಧ ಲೋಹದಲ್ಲಿ ಅತಿ ಶೀತದ ವೇಳೆ ಇದು ನಿರಪೇಕ್ಷ ಉಷ್ಣತೆಯ ಐದನೆಯ ಘಾತದಂತೆ ಕುಗ್ಗುವುದೆಂದು 1930ರಲ್ಲಿ ಫೆಲಿಕ್ಸ್ ಬ್ಲಾಖ್ ತೋರಿಸಿದರು.

ಆದರೆ ಕಂಪನದ ಬಗೆಗಳು ಎಷ್ಟು? ಈ ಪ್ರಶ್ನೆಗೂ ನಮ್ಮ ಬೆಂಗಳೂರಿಗೂ ನಂಟುಂಟು. 1912ರಲ್ಲಿ ಕಾರ್ಮಾನರೊಡನೆ ಹರಳಿನ ಕಂಪನಗಳ ಸಿದ್ಧಾಂತ ಕಟ್ಟಿದ ಮ್ಯಾಕ್ಸ್ ಬಾರ್ನ್, ಹಿಟ್ಲರನ ಕಾಲದಲ್ಲಿ ಹುದ್ದೆ ಕಳೆದುಕೊಂಡವರು, ರಾಮನ್ನರ ಕರೆಯ ಮೇಲೆ 1935ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಖಾಯಂ ಹುದ್ದೆ ಕೈಗೂಡದೆ 1936ರಲ್ಲಿ ಎಡಿನ್‌ಬರೋಗೆ ಹೊರಟರು. ಕರೆಸಿದ ರಾಮನ್ನರೇ 1940ರ ದಶಕದಲ್ಲಿ ಎದುರುವಾದಿಯಾದರು! ಹರಳಿನ ಕಂಪನದ ಬಗೆಗಳು ಕೆಲವೇ, ಬಿಡಿಬಿಡಿ ಎಂದು ರಾಮನ್ನರು. ಲೆಕ್ಕವಿಲ್ಲದಷ್ಟು, ಎಡೆಬಿಡದ ಸಾಲು ಎಂದು ಬಾರ್ನ್. ಬ್ಲಾಖರ ಲೆಕ್ಕ ನಿಂತಿರುವುದು ಆ ಸಾಲಿನ ದೀರ್ಘ ಅಲೆಗಳ ಮೇಲೆಯೇ. ನಮ್ಮವರ ಪಕ್ಷ ಸೋತದ್ದನ್ನು ಮುಚ್ಚಿಡುವುದೇಕೆ? 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ನ್ಯೂಟ್ರಾನುಗಳಿಂದ ಈ ಅಲೆಗಳನ್ನು ಅಳೆದಾಗ ಬಾರ್ನರ ಮಾತೇ ನಿಜವಾಯಿತು. ರಾಮನ್ನರು ಮಾತ್ರ ಆಮೇಲೂ ಪಟ್ಟು ಸಡಿಲಿಸಲಿಲ್ಲ.