ಟರ್ಕಿ ಕೋಳಿ ಟರ್ಕಿಯದಲ್ಲ

ಪ್ರತಿವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಆ ದೇಶದ ಹೆಚ್ಚಿನ ಮನೆಗಳಲ್ಲಿ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿಯೇ ಊಟದ ಮುಖ್ಯ ಭಕ್ಷ್ಯ. ಒಂದು ಹಬ್ಬಕ್ಕೆ ಕೋಟಿಗಟ್ಟಲೆ ಹಕ್ಕಿಗಳು ಬೇಕಾಗುತ್ತವೆ. ಆದರೆ ಈ ಹಕ್ಕಿಗೂ ಟರ್ಕಿ ದೇಶಕ್ಕೂ ಯಾವ ಸಂಬಂಧವೂ ಇಲ್ಲ.

ತಮಾಷೆಯೆಂದರೆ ತುರ್ಕರು ಇದನ್ನು 'ಹಿಂದಿ' ಎನ್ನುತ್ತಾರೆ. ಅಂದರೆ ಹಿಂದೂಸ್ತಾನದ್ದು. ಫ್ರೆಂಚರ 'ದಾಂದ್', ರಷ್ಯನ್ನರ 'ಇಂದೇಯ್ಕ' ಕೂಡ ನಮ್ಮತ್ತಲೇ ಬೆರಳು ತೋರಿಸುತ್ತವೆ. ಡಚ್ಚರು 'ಕಾಲ್ಕೂನ್' ಎಂದು ಕರೆದು ಇದನ್ನು ಕಲ್ಲಿಕೋಟೆಗೆ ಸೇರಿಸಿದರು. ಪೋರ್ಚುಗೀಸರಿಗೆ ಇದು 'ಪೆರು'. ಈಜಿಪ್ಟಿನ ಅರಬರು 'ರೂಮಿ ಹುಂಜ' ಎಂದರೆ, ಮಲಯ ಭಾಷೆಯವರು 'ಡಚ್ಚರ ಕೋಳಿ' ಎನ್ನುತ್ತಾರೆ. ಇಷ್ಟೊಂದು ಜನ ಇಷ್ಟೊಂದು ಊರುಗಳ ಹೆಸರಿಟ್ಟರೂ ಅದರ ನಿಜವಾದ ತವರಿನ ಹೆಸರು ಇವುಗಳಲ್ಲಿ ಒಂದರಲ್ಲೂ ಇಲ್ಲ.

ಆ ತವರು ಮೆಕ್ಸಿಕೊ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ಈ ಕಾಡುಹಕ್ಕಿಯನ್ನು ಪಳಗಿಸಿದ್ದರು. ಗ್ವಾಟೆಮಾಲಾದ ಎಲ್ ಮಿರಡೋರ್ ಎಂಬ ಪ್ರಾಚೀನ ಮಾಯಾ ನಗರದಲ್ಲಿ ಸಿಕ್ಕ ಎಲುಬುಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವು ಆ ಪ್ರದೇಶದ ಕಾಡಿನಲ್ಲಿರುವ ಜಾತಿಯವಲ್ಲ, ದೂರದ ಮೆಕ್ಸಿಕೊದಿಂದ ತಂದು ಸಾಕಿದ ಹಕ್ಕಿಗಳವು ಎಂದು ತಿಳಿದುಬಂತು. ಈಗಿನ ಅಮೆರಿಕದ ನೈಋತ್ಯ ಭಾಗದ ಪ್ವೆಬ್ಲೊ ಜನರ ಪೂರ್ವಜರು ಬೇರೆಯೇ ತಳಿಯನ್ನು ಸಾಕುತ್ತಿದ್ದರೆಂದು 2010ರ ಡಿಎನ್‌ಎ ಪರೀಕ್ಷೆ ತೋರಿಸಿತು. ಅವರಿಗೆ ಬಹುಕಾಲ ಇದರ ಮಾಂಸಕ್ಕಿಂತ ಗರಿಯೇ ಮುಖ್ಯವಾಗಿತ್ತು. ಚಳಿಗೆ ಹೊದೆಯುವ ಒಂದು ಕಂಬಳಿಗೆ 11,000ಕ್ಕೂ ಹೆಚ್ಚು ಗರಿಗಳು ಬೇಕಾಗುತ್ತಿದ್ದವು. ಹಕ್ಕಿಯನ್ನು ಕೊಲ್ಲದೆ, ಉದುರುವ ಕಾಲ ನೋಡಿ ಗರಿ ಕೀಳುವ ಜಾಣ್ಮೆ ಅವರದಾಗಿತ್ತು.

16ನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಈ ಹಕ್ಕಿಯನ್ನು ಯುರೋಪಿಗೆ ಒಯ್ದರು. ತಾವು ಮುಟ್ಟಿದ್ದು 'ಇಂಡೀಸ್' ಎಂಬ ಕೊಲಂಬಸ್‌ನ ಭ್ರಮೆ ಆಗಿನ್ನೂ ಪೂರ್ತಿ ಅಳಿದಿರಲಿಲ್ಲ. ಹಾಗಾಗಿ ಹಕ್ಕಿಗೂ ಇಂಡಿಯಾದ ಹೆಸರು ಅಂಟಿತು. ಇಂಗ್ಲಿಷರ ಎಡವಟ್ಟು ಇನ್ನೊಂದು ಬಗೆಯದು. ಆಫ್ರಿಕದ ಗಿನಿ ಕೋಳಿ ತುರ್ಕರ ನಾಡುಗಳ ವ್ಯಾಪಾರಿಗಳ ಮೂಲಕ ಬರುತ್ತಿದ್ದುದರಿಂದ ಅದನ್ನು ಅವರು 'ಟರ್ಕಿ ಕೋಳಿ' ಎನ್ನುತ್ತಿದ್ದರು. ಹೊಸ ಹಕ್ಕಿಗೂ ಅದೇ ಹೆಸರು ಬಂತು. ವಿಜ್ಞಾನವೂ ಎಡವದೆ ಇರಲಿಲ್ಲ. 1758ರಲ್ಲಿ ಲಿನೇಯಸ್ ಇದಕ್ಕೆ ಕೊಟ್ಟ 'ಮೆಲಿಯಾಗ್ರಿಸ್' ಎಂಬ ಹೆಸರು ಗ್ರೀಕರು ಗಿನಿ ಕೋಳಿಗೆ ಇಟ್ಟಿದ್ದ ಹೆಸರು.

ನಮ್ಮ ದೇಶಕ್ಕೆ ಈ ಹಕ್ಕಿ ಬಂದ ಕಥೆ ಮಾತ್ರ ಸೊಗಸಾಗಿದೆ. 1612ರಲ್ಲಿ ಮೊಗಲ್ ಚಕ್ರವರ್ತಿ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್, ಪೋರ್ಚುಗೀಸರ ವಶದಲ್ಲಿದ್ದ ಗೋವೆಯಿಂದ ಅಪರೂಪದ ವಸ್ತು, ಪ್ರಾಣಿಗಳನ್ನು ತಂದೊಪ್ಪಿಸಿದ. ಅವುಗಳಲ್ಲಿ ಒಂದು ಟರ್ಕಿ ಕೋಳಿ. ಅದು ನವಿಲಿನಂತೆ ಗರಿಬಿಚ್ಚಿ ಕುಣಿಯುವುದನ್ನೂ, ಅದರ ತಲೆ, ಕೊರಳುಗಳ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನೂ ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಮುತ್ತಜ್ಜ ಬಾಬರ್ ಪ್ರಾಣಿಗಳನ್ನು ಕುರಿತು ಬರೆದನೇ ಹೊರತು ಚಿತ್ರ ಬರೆಸಲಿಲ್ಲವೆಂದು ನೆನೆದು, ತಾನು ಕಲಾವಿದರಿಗೆ ಚಿತ್ರಿಸಲು ಆಜ್ಞಾಪಿಸಿದ. ಉಸ್ತಾದ್ ಮನ್ಸೂರ್ ಬಿಡಿಸಿದ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗೊತ್ತಿಲ್ಲದ ಹಕ್ಕಿಗೆ ತಪ್ಪು ಹೆಸರು ಅಂಟಿಸುವ ಅವಸರ ತೋರದೆ, ಅದನ್ನು ಮೊದಲು ಸರಿಯಾಗಿ ನೋಡಿದ ಅರಮನೆ ಅದು.

ಇನ್ನು ಹಬ್ಬದ ವಿಚಾರ. ಇಂಗ್ಲೆಂಡಿನಲ್ಲಿ ಟರ್ಕಿ ಕ್ರಿಸ್‌ಮಸ್ ಊಟಕ್ಕೆ ಹೊಂದಿಕೊಂಡಿತು. ವಲಸಿಗರ ಜೊತೆ ಸಾಕುಹಕ್ಕಿಯಾಗಿ ಮತ್ತೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಮರಳಿತು. 1621ರಲ್ಲಿ ಪ್ಲಿಮತ್ ಎಂಬಲ್ಲಿ ಇಂಗ್ಲಿಷ್ ವಲಸಿಗರೂ ವಾಂಪನೋಗ್ ಮೂಲನಿವಾಸಿಗಳೂ ಮೂರು ದಿನ ಕೂಡಿ ಉಂಡದ್ದೇ ಥ್ಯಾಂಕ್ಸ್‌ಗಿವಿಂಗ್‌ನ ಮೂಲವೆಂದು ಹೇಳುತ್ತಾರೆ. ಅದನ್ನು ಕಂಡ ಎಡ್ವರ್ಡ್ ವಿನ್ಸ್ಲೋ ಬರೆದ ಪತ್ರದಲ್ಲಿ ಬೇಟೆಯಾಡಿದ ಹಕ್ಕಿಗಳ ಮತ್ತು ಮೂಲನಿವಾಸಿಗಳು ತಂದ ಐದು ಜಿಂಕೆಗಳ ಮಾತಿದೆಯೇ ಹೊರತು ಟರ್ಕಿಯ ಹೆಸರಿಲ್ಲ. ಹಬ್ಬಕ್ಕಾಗಿ ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಪ್ರಚಾರ ಮಾಡಿದರು. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಅದನ್ನು ರಾಷ್ಟ್ರೀಯ ಆಚರಣೆಯೆಂದು ಘೋಷಿಸಿದರು.

ಆದರೆ ಅತಿಥಿಗಳಿಗೆ ಮೆಕ್ಕೆಜೋಳ ಬೆಳೆಯಲು ಕಲಿಸಿದ ಆ ಜನರ ಗತಿ ಏನಾಯಿತು? 1675-76ರ ಯುದ್ಧದಲ್ಲಿ ಅವರು ನುಚ್ಚುನೂರಾದರು. 1621ರ ಊಟದಲ್ಲಿ ಪಾಲ್ಗೊಂಡಿದ್ದ ನಾಯಕ ಮಸಸೋಯಿಟ್‌ನ ಮಗ ಮೆಟಾಕಾಮ್‌ನನ್ನು ಕೊಂದು, ಅವನ ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿಟ್ಟರು. 1970ರಲ್ಲಿ ವಲಸಿಗರ ಆಗಮನದ 350ನೆಯ ವರ್ಷದ ಸಮಾರಂಭಕ್ಕೆ ವಾಂಪನೋಗ್ ಮುಖಂಡ ವಾಮ್ಸುಟ್ಟಾ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದಿದ್ದರು. ಬರೆದುಕೊಂಡಿದ್ದ ಮಾತು ಕಹಿಯಾಗಿದೆಯೆಂದು ಅದನ್ನು ಆಡಲು ಬಿಡಲಿಲ್ಲ. ಅಂದಿನಿಂದ ಥ್ಯಾಂಕ್ಸ್‌ಗಿವಿಂಗ್ ದಿನವೇ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಸೇರಿ 'ರಾಷ್ಟ್ರೀಯ ಶೋಕದಿನ' ಆಚರಿಸುತ್ತಾ ಬಂದಿದ್ದಾರೆ.

ಹಕ್ಕಿಯ ಪಾಡೂ ಬದಲಾಗಿದೆ. ಎದೆಯ ಮಾಂಸ ಹೆಚ್ಚಲೆಂದು ಬೆಳೆಸಿದ ಇಂದಿನ ಬಿಳಿ ತಳಿಯ ಗಂಡು ಎಷ್ಟು ಭಾರವೆಂದರೆ ಸಹಜವಾಗಿ ಕೂಡಲಾರದು. ಕೃತಕ ಗರ್ಭಧಾರಣೆಯಿಂದಲೇ ಅದರ ಸಂತತಿ ಮುಂದುವರಿಯಬೇಕು.

ತನ್ನ ಹೆಸರು ಒಂದು ಕೋಳಿಯ ಪಾಲಾಗಿದೆ ಎಂಬ ಕಿರಿಕಿರಿಯೂ ಸೇರಿ ಟರ್ಕಿ ದೇಶ ಅಂತಾರಾಷ್ಟ್ರೀಯ ವ್ಯವಹಾರದಲ್ಲಿ 'ತುರ್ಕಿಯೆ' ಎಂಬ ಹೆಸರು ಕೇಳಿತು. 2022ರಲ್ಲಿ ವಿಶ್ವಸಂಸ್ಥೆ ಅದನ್ನು ಒಪ್ಪಿತು. ಒಂದು ರಾಷ್ಟ್ರಕ್ಕೆ ತನ್ನ ಹೆಸರನ್ನು ಹಿಂದಕ್ಕೆ ಪಡೆಯುವ ಶಕ್ತಿಯಿದೆ. ಹಕ್ಕಿಯನ್ನು ಪಳಗಿಸಿದವರಿಗೆ, ಅನ್ನ ಹಂಚಿಕೊಂಡು ನೆಲ ಕಳೆದುಕೊಂಡವರಿಗೆ ಅಂಥ ವೇದಿಕೆ ಸಿಕ್ಕಿಲ್ಲ. ಆದರೂ ಮೆಕ್ಸಿಕೊದ ಹಳ್ಳಿಗಳಲ್ಲಿ, ಮದುವೆಯ ಊಟಕ್ಕೆ 'ಮೋಲೆ' ಸಾರಿನಲ್ಲಿ ಇದನ್ನು ಬೇಯಿಸುವ ಜನ ಇಂದಿಗೂ 'ಗ್ವಾಹೊಲೊತೆ' ಎನ್ನುತ್ತಾರೆ. ಅದು ಅಸ್ಟೆಕರ ನಾವಾಟ್ಲ್ ಭಾಷೆಯಿಂದ ಉಳಿದುಬಂದ ಹೆಸರು. ಹಬ್ಬದ ದಿನ ಕೃತಜ್ಞತೆ ಹೇಳುವುದಾದರೆ ಮೊದಲು ಸಲ್ಲಬೇಕಾದದ್ದು ಆ ಹೆಸರಿಟ್ಟವರಿಗೆ.