ಡೀಸೆಲ್ ಪಂಪಿನ ಗವರ್ನರ್

ಚಿಂತಾಮಣಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ‘ಗವರ್ನರ್ ಕೆಲಸ ಮಾಡ್ತಿಲ್ಲ’ ಎಂದರೆ ಅದು ರಾಜ್ಯಪಾಲರ ಮೇಲಿನ ಟೀಕೆಯಲ್ಲ. ಡೀಸೆಲ್ ಪಂಪಿಗೆ ಅಂಟಿಕೊಂಡಿರುವ ಪುಟ್ಟ ಡಬ್ಬಿಯ ಮಾತದು. ಹಾಗೆ ನೋಡಿದರೆ ಇಬ್ಬರು ಗವರ್ನರುಗಳೂ ದಾಯಾದಿಗಳೇ.

ಮೂಲದಲ್ಲಿ ಇದು ನಾವಿಕರ ಪದ. ಗ್ರೀಕರ ‘ಕುಬೆರ್ನಾನ್’ ಎಂದರೆ ಹಡಗು ನಡೆಸುವುದು. ‘ಮಳೆಗಾಲ’ದಲ್ಲಿ ಕಾಲ ಗಾಲವಾದಂತೆ ಲ್ಯಾಟಿನ್ನಿನಲ್ಲಿ ಕಕಾರ ಗಕಾರವಾಗಿ ‘ಗುಬೆರ್ನಾರೆ’ ಆಯಿತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಅಧಿಕಾರದ ಹೆಸರಾಯಿತು. ನಮ್ಮಲ್ಲೇನು ಕಡಿಮೆಯೇ? ಅರಬ್ಬಿಯ ‘ಸುಕ್ಕಾನ್’ನಿಂದ ಬಂದ ಚುಕ್ಕಾಣಿಯನ್ನು, ಕಡಲೇ ಕಾಣದ ಶಿಡ್ಲಘಟ್ಟದ ನಗರಸಭೆಯಲ್ಲೂ ಗೆದ್ದವರು ಹಿಡಿಯುತ್ತಾರೆ.

ಪದ ಯಂತ್ರಕ್ಕೆ ಹತ್ತಿದ್ದು ಆಮೇಲೆ. ಗಾಳಿಗಿರಣಿಗಳಲ್ಲಿದ್ದ ತಿರುಗುಗುಂಡುಗಳ ಉಪಾಯವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ. ವೇಗ ಏರಿದರೆ ಗುಂಡುಗಳು ಹೊರಕ್ಕೆ ಸರಿದು ಉಗಿಯನ್ನು ಕಡಿಮೆ ಮಾಡುತ್ತವೆ. ಹಳೆಯ ಡೀಸೆಲ್ ಎಂಜಿನ್ನಿಗೆ ಇದು ಬೇಕೇಬೇಕು. ಪೆಟ್ರೋಲ್ ಎಂಜಿನ್ನಿಗಿರುವಂತೆ ಅದರ ಗಾಳಿಯ ದಾರಿಗೆ ಸಾಮಾನ್ಯವಾಗಿ ಕದವಿಲ್ಲ. ಎಣ್ಣೆ ಸಿಕ್ಕಷ್ಟೂ ಓಡಿ ತನ್ನನ್ನೇ ಮುರಿದುಕೊಳ್ಳಬಲ್ಲದು. ಆದ್ದರಿಂದ ಕಾಲಿನ ಒತ್ತು ನೇರವಾಗಿ ಡೀಸೆಲ್ ಸುರಿಸದೆ ಗವರ್ನರಿನ ಸ್ಪ್ರಿಂಗಿಗೆ ಹೋಗುತ್ತದೆ. ಎಷ್ಟು ಬಿಡಬೇಕೆಂಬುದು ಅದರ ತೀರ್ಮಾನ. ಗೌರಿಬಿದನೂರಿನ ಹೊಲದಲ್ಲಿ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಟ್ರ್ಯಾಕ್ಟರಿನ ಸದ್ದು ಕುಗ್ಗಿ, ಯಾರೂ ಮುಟ್ಟದೆಯೇ ಚೇತರಿಸಿಕೊಳ್ಳುತ್ತದಲ್ಲ, ಅದು ಇವನದೇ ಕೈಚಳಕ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಇಂಥ ಪಂಪುಗಳನ್ನು ತಯಾರಿಸಿತು. ಕಂಪನಿಯ ಹೆಸರು ಬಾಷ್ ಎಂದಾದರೂ ಹಳೇ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದಿನ್ನೂ ಮೈಕೋ.

ಇವನ ಅಧಿಕಾರಕ್ಕೂ ಗಡಿಯಿದೆ. ನಂದಿಬೆಟ್ಟ ಇಳಿಯುವಾಗ ಚಕ್ರಗಳೇ ಗೇರ್‌ಬಾಕ್ಸಿನ ಮೂಲಕ ಎಂಜಿನ್ನನ್ನು ತಿರುಗಿಸುತ್ತವೆ. ಗವರ್ನರ್ ಡೀಸೆಲ್ ಪೂರ್ತಿ ಕಟ್ಟಿದರೂ ಇಳಿಜಾರು ಕೇಳುವುದಿಲ್ಲ. ಗಾಡಿ ಓಟಕ್ಕೆ ಬಿದ್ದ ಮೇಲೆ ಗಾಬರಿಯಲ್ಲಿ ಸೆಕೆಂಡ್ ಗೇರಿಗೆ ಎಳೆದರೆ ಎಂಜಿನ್ ಮಿತಿಮೀರಿ ತಿರುಗಿ ವಾಲ್ವುಗಳಿಗೇ ಕುತ್ತು. ಅದಕ್ಕೇ ಅನುಭವಸ್ಥ ಚಾಲಕರು ತಿರುವಿಗೆ ಮೊದಲೇ ಗೇರ್ ಇಳಿಸಿಕೊಂಡಿರುತ್ತಾರೆ. (ಬಸ್ಸುಗಳ ‘ಸ್ಪೀಡ್ ಗವರ್ನರ್’ ಬೇರೆ, ಅದು ಕಾಯುವುದು ಎಂಜಿನ್ನಿನ ಸುತ್ತುಗಳನ್ನಲ್ಲ, ಗಾಡಿಯ ವೇಗವನ್ನು.)

1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಗವರ್ನರುಗಳ ಗಣಿತದ ಮೇಲೆ ಪ್ರಬಂಧ ಬರೆದ. ಅದನ್ನು ನೆನೆದೇ ನಾರ್ಬರ್ಟ್ ವೀನರ್ ತನ್ನ ನಿಯಂತ್ರಣಶಾಸ್ತ್ರಕ್ಕೆ ಮತ್ತೆ ಗ್ರೀಕ್ ಮೂಲಕ್ಕೇ ಹೋಗಿ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟ; ಪುಸ್ತಕ ಬಂದದ್ದು 1948ರಲ್ಲಿ. ಆ ಪದದ ತಲೆಯನ್ನಷ್ಟೇ ಕತ್ತರಿಸಿಕೊಂಡ ‘ಸೈಬರ್’ ಈಗ ಚಿಕ್ಕಬಳ್ಳಾಪುರದ ಸಿಇಎನ್ (ಸೈಬರ್, ಎಕನಾಮಿಕ್, ನಾರ್ಕೋಟಿಕ್ಸ್) ಪೊಲೀಸ್ ಠಾಣೆಯ ಹೆಸರಿನ ಮೊದಲ ಅಕ್ಷರ.